ಮೇಲ್ ಡೇಟಾಬೇಸ್ ಕೆಟ್ಟಿದೆ ಅಂದಾಗ ಮೊದಲು ಡಿಸ್ಕ್ ನೋಡಿ

(ಎಸ್ಟೇಟ್ ಆಫೀಸು, ಸೊಸೈಟಿ, ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗಾಗಿ ಮಡಿಕೇರಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಡಿಸ್ಕ್ ಕೆಟ್ಟಿದೆ ಅಂತ ನಿಮಗೆ ಯಾರೂ ಫೋನ್ ಮಾಡುವುದಿಲ್ಲ. ಔಟ್‌ಲುಕ್ ಸುತ್ತುತ್ತಲೇ ಇದೆ ಅಂತ ಮ್ಯಾನೇಜರ್ ಮಾಡುತ್ತಾರೆ. ಹೋದ ವರ್ಷದ ಒಂದು ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ, ಬೇರೆಲ್ಲ ಸರಿ ಇದೆ ಅಂತ ಅಕೌಂಟ್ಸ್‌ನವರು ಹೇಳುತ್ತಾರೆ. ಕೆಲವು ಕಡೆ ಯಾರೂ ಏನೂ ಹೇಳುವುದಿಲ್ಲ. ರಾತ್ರಿ ಬ್ಯಾಕಪ್ ಮಾತ್ರ ಫೇಲ್ ಆಗುತ್ತಿರುತ್ತದೆ, ಅದರ ಸುದ್ದಿ ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಇನ್‌ಬಾಕ್ಸಿಗೇ ಬರುತ್ತಿರುತ್ತದೆ, ನೀವು ಅದನ್ನು ಒಂದು ಫೋಲ್ಡರಿಗೆ ತಾನಾಗಿ ಹೋಗುವ ಹಾಗೆ ರೂಲ್ ಹಾಕಿಟ್ಟು ಮರೆತಿರುತ್ತೀರಿ. ನಗಬೇಡಿ, ಈ ಹಾಲ್‌ನಲ್ಲಿ ಹಾಗೆ ಮಾಡಿರುವವರು ಇದ್ದೀರಿ, ನನಗೆ ಗೊತ್ತು.

ಬ್ಯಾಕಪ್ಪೇ ಮೊದಲು ಕೂಗುವುದಕ್ಕೆ ಕಾರಣ ಇದೆ. ನಾವೆಲ್ಲ ತೆರೆಯುವುದು ಈ ವಾರದ, ಹೆಚ್ಚೆಂದರೆ ಈ ತಿಂಗಳ ಮೇಲ್. ನಾಲ್ಕು ವರ್ಷದ ಹಿಂದೆ ಕರಿಮೆಣಸು ಮಾರಿದ ಮೇಲ್ ಡಿಸ್ಕಿನ ಯಾವ ಮೂಲೆಯಲ್ಲಿ ಕೂತಿದೆಯೋ, ಅದನ್ನು ಯಾರೂ ಮುಟ್ಟುವುದಿಲ್ಲ. ಪೂರ್ತಿ ಬ್ಯಾಕಪ್ ಆದರೆ ಡೇಟಾಬೇಸನ್ನು ತಲೆಯಿಂದ ಬಾಲದವರೆಗೆ ಓದಬೇಕು. ಕೆಟ್ಟ ಜಾಗಕ್ಕೆ ಬಂದ ಕೂಡಲೇ ನಿಂತುಬಿಡುತ್ತದೆ. ಹಾಗಾಗಿ ಬ್ಯಾಕಪ್ ಫೇಲ್ ಆಯಿತು ಅಂದರೆ ಬ್ಯಾಕಪ್ ಸಾಫ್ಟ್‌ವೇರ್ ಸರಿ ಇಲ್ಲ ಅಂತ ತಕ್ಷಣ ಅದನ್ನು ತೆಗೆದು ಇನ್ನೊಂದು ಹಾಕಲು ಹೋಗಬೇಡಿ. ಅದು ಯಾಕೆ ನಿಂತಿತು ಅಂತ ಒಂದು ಸಲ ಓದಿ.

ಮೇಲ್ ಎಲ್ಲಾ ಕ್ಲೌಡ್‌ನಲ್ಲಿ ಇರುವವರು ಈಗ ಎದ್ದು ಹೋಗಿ ಕಾಫಿ ಕುಡಿಯಬಹುದು, ನನಗೇನೂ ಬೇಜಾರಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರು ಇನ್ನೂ ಇದ್ದಾರೆ, ಅವರನ್ನು ಹಳೆಕಾಲದವರು ಅಂತ ನಾನು ಆಡಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಎರಡು ದಿನ ಲೈನ್ ಇಲ್ಲ. ಆಗಲೂ ಆಫೀಸಿನ ಒಳಗಿನವರು ಒಬ್ಬರಿಗೊಬ್ಬರು ಮೇಲ್ ಕಳಿಸಬಹುದು, ಹಳೆ ಮೇಲ್ ತೆಗೆದು ನೋಡಬಹುದು. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಳಸುವ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಸಾಫ್ಟ್‌ವೇರ್ ಎಕ್ಸ್‌ಚೇಂಜ್, ಅದರ 2016 ಮತ್ತು 2019, ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಮೇಲೆ ಇರುವವರು ಮುಂದೇನು ಅಂತ ಯೋಚನೆ ಮಾಡಲೇಬೇಕು. ಅದು ಬೇರೆ ದಿನದ ಮಾತು.

ಈಗ ಡೇಟಾಬೇಸ್ ಒಳಗೆ ಸ್ವಲ್ಪ ಇಣುಕೋಣ. ಎಕ್ಸ್‌ಚೇಂಜ್‌ನ ಡೇಟಾಬೇಸ್ ಅಂದರೆ ಒಂದು ದೊಡ್ಡ ಫೈಲ್, ಇಡಿಬಿ ಅಂತ ಕೊನೆಯಾಗುತ್ತದೆ. ಅದು ಪೇಜ್‌ಗಳಾಗಿ ಹಂಚಿಕೊಂಡಿರುತ್ತದೆ, 2010ರ ಆವೃತ್ತಿಯಿಂದ ಒಂದೊಂದು ಪೇಜ್ 32 ಕೆಬಿ. ಪೇಜನ್ನು ಡಿಸ್ಕಿಗೆ ಬರೆಯುವಾಗ ಅದರಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ಒಂದು ಚೆಕ್‌ಸಮ್ ತೆಗೆದು, ಆ ಪೇಜಿನ ತಲೆಯಲ್ಲೇ ಬರೆದಿಡುತ್ತದೆ. ಓದುವಾಗ ಮತ್ತೆ ಅದೇ ಲೆಕ್ಕ ಹಾಕುತ್ತದೆ. ಎರಡೂ ತಾಳೆಯಾಗದಿದ್ದರೆ ಮೈನಸ್ 1018 ಅನ್ನುವ ಎರರ್. ಈವೆಂಟ್ ಲಾಗ್‌ನಲ್ಲಿ 474 ಅಂತ ಕೆಂಪಗೆ ಕಾಣುತ್ತದೆ. ಇದರ ಅಣ್ಣ ತಮ್ಮಂದಿರು ಇಬ್ಬರಿದ್ದಾರೆ. ಮೈನಸ್ 1019 ಅಂದರೆ ಏನೋ ಇರಬೇಕಾದ ಪೇಜ್ ಖಾಲಿ ಸಿಕ್ಕಿದೆ. ಮೈನಸ್ 1022 ಅಂದರೆ ಡಿಸ್ಕಿನಿಂದ ಓದಲಿಕ್ಕೇ ಆಗಲಿಲ್ಲ ಅಂತ ವಿಂಡೋಸ್ ಕೈ ಚೆಲ್ಲಿದೆ.

1018ರ ಅರ್ಥವನ್ನು ಸರಿಯಾಗಿ ಹಿಡಿಯಿರಿ. ನಾನು ಬರೆದಿಟ್ಟದ್ದು ಒಂದು, ನೀನು ವಾಪಸ್ ಕೊಟ್ಟದ್ದು ಇನ್ನೊಂದು ಅಂತ ಡೇಟಾಬೇಸ್ ದೂರು ಕೊಡುತ್ತಿದೆ. ಯಾರ ಮೇಲೆ? ತನ್ನ ಕೆಳಗಿರುವ ಎಲ್ಲರ ಮೇಲೆ. ಡಿಸ್ಕ್, ಕೇಬಲ್, ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ರೇಡ್ ಕಂಟ್ರೋಲರ್, ಅದರ ಫರ್ಮ್‌ವೇರ್, ಡ್ರೈವರ್, ಕೆಲವು ಸಲ ರ‍್ಯಾಮ್. ಎಕ್ಸ್‌ಚೇಂಜ್ ತಾನೇ ತಪ್ಪು ಬರೆದು ಈ ಎರರ್ ಬರುವುದು ಬಹಳ ಅಪರೂಪ. ಆದರೂ ನಾವೆಲ್ಲ ಮಾಡುವುದೇನು? ಎರರ್ ಬಂದದ್ದು ಡೇಟಾಬೇಸಿನಿಂದ ಅಲ್ವಾ, ಹಾಗಾದರೆ ಡೇಟಾಬೇಸ್ ರಿಪೇರಿ ಮಾಡೋಣ ಅಂತ ಹೊರಡುತ್ತೇವೆ.

ಅರೇಬಿಕಾ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡದ ಎಲೆ ಹಳದಿಯಾಗಿ ಜೋತು ಬಿದ್ದಿದೆ ಅಂತ ಎಲೆಗೆ ಔಷಧಿ ಹೊಡೆದರೆ ಏನು ಬಂತು? ಕಾಂಡದ ಮೇಲೆ ಗೆರೆ ಎದ್ದಿದೆಯಾ ಅಂತ ಸವರಿ ನೋಡುತ್ತೀರಿ. ಒಳಗೆ ಬಿಳಿ ಕಾಂಡಕೊರಕ ಇದೆ ಅಂತ ಗೊತ್ತಾದರೆ ಗಿಡ ಕಿತ್ತು ಸುಡುತ್ತೀರಿ. ಕೆಟ್ಟ ಡಿಸ್ಕಿನ ಮೇಲೆ ಕೂತು ಡೇಟಾಬೇಸ್ ರಿಪೇರಿ ಮಾಡುವುದು ಎಲೆಗೆ ಔಷಧಿ ಹೊಡೆದ ಹಾಗೆ. ಹಾಗೆ ಅಂದೆನಲ್ಲ, ಅದಕ್ಕಿಂತ ಒಂದು ಕೈ ಮೇಲೆ. ಔಷಧಿಯಿಂದ ಗಿಡ ಸಾಯುವುದಿಲ್ಲ, ಆದರೆ ರಿಪೇರಿ ನಡೆಯುವಾಗ ಡಿಸ್ಕಿನ ಮೂಲೆ ಮೂಲೆಯನ್ನೂ ಓದಿ ಬರೆಯುವುದರಿಂದ, ಅರೆಜೀವದ ಡಿಸ್ಕ್ ಅಲ್ಲೇ ಪೂರ್ತಿ ಹೋಗಿಬಿಡಬಹುದು.

ಒಂದು ಉದಾಹರಣೆ ಪೂರ್ತಿಯಾಗಿ ಹೇಳುತ್ತೇನೆ. ಗೋಣಿಕೊಪ್ಪದ ಆಚೆ, ಮೂರ್ನಾಲ್ಕು ತೋಟ ಇರುವ ಒಂದು ಕಂಪನಿಯ ಆಫೀಸು. ಹೆಸರು ಬೇಡ. ಕಕ್ಕಡ ತಿಂಗಳು, ಮಳೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು, ಬಟ್ಟೆ ಒಲೆ ಮೇಲೆ ಒಣಗಬೇಕು, ಬೆಲ್ಟಿಗೆ ಬೂಸ್ಟ್ ಹಿಡಿಯುತ್ತದೆ. ಸರ್ವರ್‌ನಲ್ಲಿ ಎರಡು ಡಿಸ್ಕಿನ ಮಿರರ್, ಅಂದರೆ ರೇಡ್ 1, ಅದರಲ್ಲಿ ಮೇಲ್ ಡೇಟಾಬೇಸ್. ಡೇಟಾಬೇಸಿನ ಬದಲಾವಣೆಗಳನ್ನು ಬರೆದಿಡುವ ಲಾಗ್ ಫೈಲ್‌ಗಳು ಮಾತ್ರ ಬೇರೆ ಡಿಸ್ಕಿನಲ್ಲಿ. ಕ್ಯೂರಿಂಗ್ ವರ್ಕ್ಸ್‌ನಿಂದ ಬಂದ, ಹದ ಮಾಡಿದ ಮೇಲೆ ಎಷ್ಟು ಕಾಫಿ ಸಿಕ್ಕಿತು ಅನ್ನುವ ಔಟ್‌ಟರ್ನ್ ವರದಿಗಳಿದ್ದ ಫೋಲ್ಡರ್ ತೆರೆಯುತ್ತಿರಲಿಲ್ಲ. ನಾನು ಒಳಗೆ ಹೋದಾಗ ಆಫೀಸಿನ ರೈಟರ್ ಕಿವಿಗೆ ಫೋನ್ ಇಟ್ಟುಕೊಂಡು, ಆ ಕಡೆಯವರು ಯಾರೋ ಹೇಳಿದ ಹಾಗೆ ಕಮಾಂಡ್ ಹೊಡೆದು ಮುಗಿಸಿದ್ದರು. ಎಕ್ಸ್‌ಚೇಂಜ್ ಡೇಟಾಬೇಸ್ ನೋಡಿಕೊಳ್ಳುವ ಸಾಧನ ಇಎಸ್‌ಇ ಯುಟಿಲ್, ಅದಕ್ಕೆ ಸ್ಲ್ಯಾಶ್ ಪಿ, ಅಂದರೆ ರಿಪೇರಿ. ಪರದೆ ಮೇಲೆ ಒಂದು ಸಣ್ಣ ಡಬ್ಬಿ ತೆರೆದಿತ್ತು.

"ಸಾರ್, ಓಕೆ ಒತ್ತಲಾ?"

"ಬೇಡ. ಮೌಸ್ ಬಿಡಿ."

ಆ ಡಬ್ಬಿಯಲ್ಲಿ ಏನು ಬರೆದಿರುತ್ತದೆ ಅಂತ ನೋಡಿದ್ದೀರಾ? ಲಾಗ್ ಫೈಲ್‌ಗಳಲ್ಲಿ ಇರುವುದನ್ನು ಈ ರಿಪೇರಿ ಡೇಟಾಬೇಸಿಗೆ ಸೇರಿಸುವುದಿಲ್ಲ, ಮಾಹಿತಿ ಕಳೆದುಹೋಗಬಹುದು, ಮುಂದುವರಿಯಬೇಕಾ ಅಂತ ಕೇಳುತ್ತದೆ. ಇಷ್ಟು ಪ್ರಾಮಾಣಿಕವಾಗಿ ಹೇಳುವ ಸಾಫ್ಟ್‌ವೇರ್ ಕಡಿಮೆ. ಆದರೂ ಜನ ಓದದೆ ಒತ್ತುತ್ತಾರೆ, ಯಾಕೆಂದರೆ ಕಮಾಂಡಿನ ಹೆಸರು ರಿಪೇರಿ. ಅದು ಮಾಡುವ ಕೆಲಸ ಏನೆಂದರೆ, ಓದಲಾಗದ ಪೇಜ್‌ಗಳನ್ನು ಕಿತ್ತು ಎಸೆದು, ಉಳಿದದ್ದನ್ನು ಹೊಲಿದು ನಿಲ್ಲಿಸುವುದು. ಕಿತ್ತು ಹಾಕಿದ ಪೇಜಿನಲ್ಲಿ ಒಂದು ಹಳೆ ಮೇಲ್ ಇರಬಹುದು, ಅಥವಾ ಒಂದು ಇಡೀ ಫೋಲ್ಡರಿನ ಪಟ್ಟಿಯೇ ಇರಬಹುದು. ನಿಮಗೆ ಆಯ್ಕೆ ಇಲ್ಲ.

ನಾವು ಮೊದಲು ಮಾಡಿದ್ದು ಏನನ್ನೂ ಮಾಡದೆ ಇರುವುದು. ಆ ಕಿಟಕಿ ಮುಚ್ಚಿದೆವು. ಡೇಟಾಬೇಸ್ ಆಗಲೇ ಡಿಸ್‌ಮೌಂಟ್ ಆಗಿತ್ತು, ಅಂದರೆ ಬಳಕೆಯಿಂದ ಇಳಿದಿತ್ತು, ಹಾಗೇ ಬಿಟ್ಟೆವು. ರೀಸ್ಟಾರ್ಟ್ ಮಾಡಲಿಲ್ಲ. ಚೆಕ್ ಡಿಸ್ಕ್ ಓಡಿಸಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಚೆಕ್ ಡಿಸ್ಕ್ ಇರುವುದು ಫೈಲ್ ಸಿಸ್ಟಮ್ ಸರಿ ಮಾಡುವುದಕ್ಕೆ, ನಿಮ್ಮ ಮೇಲ್ ಉಳಿಸುವುದಕ್ಕಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಬಿಟ್ಟರೆ ಇಡೀ ಇಡಿಬಿ ಫೈಲನ್ನೇ ಚೂರು ಮಾಡಿ ಇಡಬಹುದು. ಲಿನಕ್ಸ್‌ನ ಎಫ್‌ಎಸ್‌ಸಿಕೆಗೂ ಇದೇ ಮಾತು.

ಅಷ್ಟರಲ್ಲಿ ಮ್ಯಾನೇಜರ್ ಬಂದು, ಹೊರಗಿನಿಂದ ಬರುವ ಮೇಲ್ ಎಲ್ಲಾ ಹೋಯಿತಲ್ಲ, ಬೇಗ ಏನಾದರೂ ಮಾಡಿ ಅಂದರು. ಈ ಒತ್ತಡ ಎಲ್ಲ ಕಡೆ ಇರುತ್ತದೆ, ಅವಸರದ ರಿಪೇರಿಗಳೆಲ್ಲ ಹುಟ್ಟುವುದೇ ಇದರಿಂದ. ಇದಕ್ಕೆ ಉತ್ತರ ನಿಮ್ಮ ಬಾಯಲ್ಲಿ ರೆಡಿ ಇರಬೇಕು. ಮೇಲ್ ಕಳಿಸುವ ಸರ್ವರ್‌ಗೆ ನಮ್ಮ ಸರ್ವರ್ ಸಿಗದೇ ಹೋದರೆ ಅದು ಮೇಲನ್ನು ತನ್ನ ಹತ್ತಿರವೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೇಲ್ ಸಾಗಣೆಯ ಎಸ್‌ಎಂಟಿಪಿ ನಿಯಮದ ಪ್ರಕಾರ ಸಾಮಾನ್ಯವಾಗಿ 4-5 ದಿನವಾದರೂ ಬಿಡದೆ ಪ್ರಯತ್ನಿಸಬೇಕು. ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಸುಮ್ನೆ ಬಿಟ್ಟರೆ 5 ದಿನ ಕಾಯುತ್ತದೆ. ಎಲ್ಲರೂ ಹಾಗೆ ಅಂದುಕೊಳ್ಳಬೇಡಿ, ಎಕ್ಸ್‌ಚೇಂಜ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ 2 ದಿನಕ್ಕೇ ಕೈಬಿಡುತ್ತದೆ. ಅಂದರೆ ನಿಮ್ಮ ಕೈಯಲ್ಲಿ ಎರಡು ದಿನ ನೆಮ್ಮದಿಯ ಸಮಯ ಇದೆ. ಮ್ಯಾನೇಜರಿಗೆ ಇದನ್ನು ಹೇಳಿ ಕೂರಿಸಿದರೆ ಅರ್ಧ ಕೆಲಸ ಆದ ಹಾಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಡೇಟಾಬೇಸ್ ಡಿಸ್‌ಮೌಂಟ್ ಆಗಿದ್ದರೂ ಎಕ್ಸ್‌ಚೇಂಜ್‌ನ ಸಾಗಣೆ ಭಾಗ ಕೆಲಸ ಮಾಡುತ್ತಲೇ ಇರುತ್ತದೆ. ಹೊರಗಿನ ಮೇಲ್ ಒಪ್ಪಿಕೊಂಡು ತನ್ನ ಸರದಿ ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ. ಒಳ್ಳೆಯದೇ ಅಲ್ವಾ ಅನ್ನಬಹುದು. ಆದರೆ ಆ ಸಾಲು ಕೂಡ ಒಂದು ಡೇಟಾಬೇಸೇ, ಅದೇ ಮೆಷಿನ್‌ನಲ್ಲಿ, ಬಹಳ ಸಲ ಅದೇ ಡಿಸ್ಕಿನಲ್ಲಿ. ಒಪ್ಪಿಕೊಂಡ ಮೇಲೆ ಕಳಿಸಿದವರು ತಮ್ಮ ಕೆಲಸ ಮುಗಿಯಿತು ಅಂತ ಪ್ರತಿ ಅಳಿಸಿಬಿಡುತ್ತಾರೆ. ಆಮೇಲೆ ಡಿಸ್ಕ್ ಹೋದರೆ ಆ ಮೇಲ್ ಲೋಕದಲ್ಲೇ ಇಲ್ಲ. ಅದಕ್ಕೇ ನಾನು ರೂಟರ್‌ನಲ್ಲೇ ಪೋರ್ಟ್ 25, ಅಂದರೆ ಹೊರಗಿನ ಮೇಲ್ ಒಳಬರುವ ಬಾಗಿಲು, ಮುಚ್ಚುತ್ತೇನೆ. ಮೇಲ್ ಹೊರಗೇ ಕಾಯಲಿ. ಅರ್ಧ ಜೀವದ ಸರ್ವರನ್ನು ಹೊರಗಿನವರಿಗೆ ಕಾಣುವ ಹಾಗೆ ಬಿಟ್ಟು, ಅದು ಈ ವಿಳಾಸವೇ ಇಲ್ಲ ಅಂತ 550 ಉತ್ತರ ಕೊಟ್ಟಿತೋ, ಕಳಿಸಿದವರು ಕಾಯುವುದಿಲ್ಲ, ಮೇಲ್ ಅಲ್ಲಿಂದಲೇ ವಾಪಸ್.

ಇನ್ನು ಡಿಸ್ಕ್. ಈವೆಂಟ್ ಲಾಗ್‌ನಲ್ಲಿ ಎಕ್ಸ್‌ಚೇಂಜ್ ಬರೆದದ್ದು ಮಾತ್ರ ನೋಡಿದರೆ ಸಾಲದು, ಸಿಸ್ಟಮ್ ಲಾಗ್ ಪಕ್ಕದಲ್ಲಿ ತೆರೆದು ಸಮಯ ತಾಳೆ ನೋಡಿ. ಡಿಸ್ಕ್ 7 ಅಂದರೆ ಕೆಟ್ಟ ಬ್ಲಾಕ್. 153 ಅಂದರೆ ಒಂದು ಸಲ ಕೇಳಿದಾಗ ಡಿಸ್ಕ್ ಉತ್ತರ ಕೊಡದೆ ಮತ್ತೆ ಕೇಳಬೇಕಾಯಿತು. 129 ಅಂದರೆ ಕಾದು ಕಾದು ಸಾಕಾಗಿ ಡಿಸ್ಕನ್ನೇ ರೀಸೆಟ್ ಮಾಡಬೇಕಾಯಿತು. ಗೋಣಿಕೊಪ್ಪದ ಆ ಸರ್ವರ್‌ನಲ್ಲಿ 474 ಬಂದದ್ದು ಈಚೆಗೆ, ಆದರೆ 153 ಅದಕ್ಕೂ ಬಹಳ ಮುಂಚಿನಿಂದ ಸಾಲು ಸಾಲಾಗಿ ಬರುತ್ತಿತ್ತು. ಹಳದಿ ತ್ರಿಕೋನ, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಅಂಕಿಗಳು, ಸ್ಮಾರ್ಟ್‌ಸಿಟಿಎಲ್ ಕಮಾಂಡಿನಲ್ಲಿ ಬರುತ್ತವೆ. ಅಷ್ಟುದ್ದದ ಪಟ್ಟಿ ನೋಡಿ ಗಾಬರಿ ಬೇಡ. 5 ಅಂದರೆ ಕೆಟ್ಟುಹೋಗಿ ಬೇರೆ ಕಡೆಗೆ ಬದಲಾಯಿಸಿದ ಸೆಕ್ಟರ್‌ಗಳು. 197 ಅಂದರೆ ಓದಲಾಗದೆ, ಏನು ಮಾಡಲಿ ಅಂತ ಕಾಯುತ್ತಿರುವ ಸೆಕ್ಟರ್‌ಗಳು. 198 ಅಂದರೆ ಸ್ವಂತ ಪರೀಕ್ಷೆಯಲ್ಲೂ ಓದಲಾಗದೆ ಉಳಿದವು. ಈ ಮೂರರಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಆ ಡಿಸ್ಕಿನಲ್ಲಿ ಮೇಲ್ ಡೇಟಾಬೇಸ್ ಇರಬಾರದು, ಇದು ನನ್ನ ನಿಯಮ. 199 ಮಾತ್ರ ಏರುತ್ತಿದ್ದರೆ ಖುಷಿಪಡಿ, ಬಹಳ ಸಲ ಅದು ಕೇಬಲ್ ತಪ್ಪು, ಡಿಸ್ಕಿನದ್ದಲ್ಲ. ರೇಡ್ ಕಾರ್ಡ್ ಇದ್ದರೆ ಹಿಂದಿರುವ ಡಿಸ್ಕ್‌ಗಳು ನೇರವಾಗಿ ಕಾಣುವುದಿಲ್ಲ, ಆ ಕಾರ್ಡಿನ ಹೆಸರು ಹೇಳಿ ಒಂದೊಂದನ್ನೇ ಕೇಳಬೇಕು. ಗೂಗಲ್‌ನವರು 2007ರಲ್ಲಿ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಮೊದಲ ಸ್ಕ್ಯಾನ್ ಎರರ್ ಬಂದ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಂಭವ, ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಅಂತ ಅದರಲ್ಲಿದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಕೆಟ್ಟ ಡಿಸ್ಕ್‌ಗಳಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಯಾವ ಸ್ಮಾರ್ಟ್ ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು. ಹಾಗಾಗಿ ಅಂಕಿ ಚೆನ್ನಾಗಿದೆ ಅಂತ ಡಿಸ್ಕಿಗೆ ಕ್ಲೀನ್ ಚಿಟ್ ಕೊಡಬೇಡಿ.

ಮಿರರ್ ಇತ್ತಲ್ಲ, ಇನ್ನೊಂದು ಡಿಸ್ಕ್ ಏನಾಯಿತು ಅಂತ ನೀವು ಕೇಳಬೇಕು. ಅದು ಏಪ್ರಿಲ್‌ನ ಗುಡುಗು ಮಳೆ ಹೊತ್ತಿಗೇ ಹೋಗಿತ್ತು. ಸರ್ವರ್ ಮುಂದೆ ಹಳದಿ ದೀಪ ಉರಿಯುತ್ತಲೇ ಇತ್ತು. ಅದರ ಮುಂದೆ ಕಾಫಿ ಸ್ಯಾಂಪಲ್ ಡಬ್ಬಿಗಳನ್ನು ಪೇರಿಸಿಟ್ಟಿದ್ದರು, ಯಾರಿಗೂ ಕಂಡಿಲ್ಲ. ಅಲ್ಲಿಂದ ಕಕ್ಕಡದವರೆಗೆ ಎಲ್ಲಾ ಒಂದೇ ಡಿಸ್ಕಿನ ಮೇಲೆ ನಡೆದಿದೆ, ಅದೂ ಅದೇ ಪೆಟ್ಟಿಗೆಯಲ್ಲಿ ಬಂದ, ಅದೇ ವಯಸ್ಸಿನ ಡಿಸ್ಕ್.

ನಮ್ಮ ಕಡೆಯ ಕರೆಂಟಿನ ಬಗ್ಗೆ ಎರಡು ಮಾತು ಆಡದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ಹೋಗುತ್ತದೆ, ಬರುತ್ತದೆ, ಬಂದಾಗ ವೋಲ್ಟೇಜ್ ಕುಣಿಯುತ್ತದೆ, ಜನರೇಟರಿಗೆ ಬದಲಾಗುವ ಆ ಕ್ಷಣದಲ್ಲಿ ಯುಪಿಎಸ್ ಬ್ಯಾಟರಿ ಹಳತಾಗಿದ್ದರೆ ಸರ್ವರ್ ಧಡಕ್ಕನೆ ಆರುತ್ತದೆ. 32 ಕೆಬಿ ಪೇಜ್ ಅರ್ಧ ಬರೆದಿರುತ್ತದೆ, ಅರ್ಧ ಇಲ್ಲ. ಬರೀ ಅಷ್ಟಾದರೆ ಲಾಗ್ ಫೈಲ್ ನೋಡಿಕೊಂಡು ಡೇಟಾಬೇಸ್ ಸಾಮಾನ್ಯವಾಗಿ ತಾನೇ ಎದ್ದು ಕೂರುತ್ತದೆ. ತೊಂದರೆ ಬರುವುದು ರೇಡ್ ಕಾರ್ಡಿನ ಕ್ಯಾಶ್ ಸುಳ್ಳು ಹೇಳಿದಾಗ. ಬರೆದಾಯಿತು ಅಂತ ಹೇಳಿರುತ್ತದೆ, ಇನ್ನೂ ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಅದಕ್ಕೆ ಆಸರೆಯಾಗಿ ಕಾರ್ಡಿನಲ್ಲಿ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಆ ಬ್ಯಾಟರಿ ಸತ್ತಿದ್ದರೂ ರೈಟ್ ಬ್ಯಾಕ್ ಕ್ಯಾಶ್ ಬಲವಂತವಾಗಿ ಆನ್ ಮಾಡಿ ಇಟ್ಟಿರುವ ಸರ್ವರ್‌ಗಳನ್ನು ನೋಡಿದ್ದೇನೆ, ಸ್ಪೀಡ್ ಬರಲಿ ಅಂತ. ಮಳೆಗಾಲಕ್ಕೆ ಮುಂಚೆ ಯುಪಿಎಸ್ ಬ್ಯಾಟರಿ ನೋಡುವಾಗ ಇದನ್ನೂ ನೋಡಿ.

ಸರಿ, ವಾಪಸ್ ಆ ಆಫೀಸಿಗೆ. ಡಿಸ್ಕ್ ಸಾಯುತ್ತಿದೆ ಅಂತ ಖಚಿತವಾದ ಮೇಲೆ ಮುಂದಿನ ಕೆಲಸ ಪ್ರತಿ ತೆಗೆಯುವುದು. ವಿಂಡೋಸ್‌ನಲ್ಲಿ ಕಾಪಿ ಪೇಸ್ಟ್ ಮಾಡಿದರೆ ಮೊದಲ ಕೆಟ್ಟ ಸೆಕ್ಟರ್‌ನಲ್ಲೇ ನಿಲ್ಲುತ್ತದೆ. ಸರ್ವರ್ ಆಫ್ ಮಾಡಿ, ಡಿಸ್ಕ್ ಹೊರತೆಗೆದು, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಆದ ಬೇರೆ ಮೆಷಿನ್‌ಗೆ ಹಾಕಿ, ಜಿಎನ್‌ಯು ಡಿಡಿರೆಸ್ಕ್ಯೂ ಓಡಿಸಿದೆವು. ಈ ಸಾಧನದ ಬುದ್ಧಿ ಇರುವುದು ಇಲ್ಲಿ. ಮೊದಲು ಸುಲಭವಾಗಿ ಓದಲಾಗುವ ಜಾಗವನ್ನೆಲ್ಲ ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಹಟ ಹಿಡಿಯದೆ ದಾಟಿ ಹೋಗುತ್ತದೆ, ಕೊನೆಗೆ ವಾಪಸ್ ಬಂದು ಆ ಕೆಟ್ಟ ಜಾಗಗಳ ಅಂಚು ಕೆರೆಯುತ್ತದೆ. ಎಲ್ಲಿಯವರೆಗೆ ಬಂದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಮ್ಯಾಪ್ ಫೈಲ್ ಕೊಡದೆ ಓಡಿಸಬೇಡಿ. ಮತ್ತೆ, ಯಾವುದರಿಂದ ಯಾವುದಕ್ಕೆ ಅಂತ ಡಿಸ್ಕಿನ ಸೀರಿಯಲ್ ನಂಬರ್ ಓದಿ ಖಾತ್ರಿ ಮಾಡಿಕೊಳ್ಳಿ. ಖಾಲಿ ಡಿಸ್ಕನ್ನು ಮೇಲ್ ಇರುವ ಡಿಸ್ಕಿನ ಮೇಲೆ ಸುರಿದರೆ ಆಮೇಲೆ ಯಾವ ದೇವರೂ ಬರುವುದಿಲ್ಲ. ಆರೋಗ್ಯವಾಗಿರುವ 1 ಟಿಬಿ ಡಿಸ್ಕ್, ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ, ಸುಮಾರು 3 ಗಂಟೆಯಲ್ಲಿ ಮುಗಿಯಬೇಕು. ಕಾಯಿಲೆಯ ಡಿಸ್ಕಿಗೆ ರಾತ್ರಿ ಹಗಲು ಬೇಕಾಗಬಹುದು. ಕಟ್ ಕಟ್ ಅಂತ ಲೋಹದ ಶಬ್ದ ಬರುತ್ತಿದ್ದರೆ ಇದನ್ನೂ ಮಾಡಬೇಡಿ, ಆಫ್ ಮಾಡಿ ರಿಕವರಿ ಲ್ಯಾಬಿಗೆ ಕಳಿಸಿ.

ಪ್ರತಿ ಸಿಕ್ಕಿತು, ಸ್ವಲ್ಪ ಜಾಗ ಬಿಟ್ಟು. ಈಗ ಸ್ಲ್ಯಾಶ್ ಪಿ ಹೊಡೆಯೋಣವಾ ಅಂತ ರೈಟರ್ ಕೇಳಿದರು. ಈಗಲೂ ಬೇಡ. ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಬರುತ್ತದೆ, ಸ್ವಲ್ಪ ಗಮನ ಕೊಡಿ.

ಎಕ್ಸ್‌ಚೇಂಜ್ ಏನೇ ಬದಲಾವಣೆ ಮಾಡಿದರೂ ಮೊದಲು ಲಾಗ್ ಫೈಲಿಗೆ ಬರೆಯುತ್ತದೆ, ಆಮೇಲೆ ನಿಧಾನವಾಗಿ ಡೇಟಾಬೇಸಿಗೆ. ಒಂದೊಂದು ಲಾಗ್ 1 ಎಂಬಿ. ಬ್ಯಾಕಪ್ ಯಶಸ್ವಿಯಾಗಿ ಮುಗಿದ ಮೇಲೆ ಮಾತ್ರ ಹಳೆ ಲಾಗ್‌ಗಳು ಅಳಿಯುತ್ತವೆ. ಬ್ಯಾಕಪ್ ಫೇಲ್ ಆದರೆ ಅಳಿಯುವುದಿಲ್ಲ, ರಾಶಿ ಬೀಳುತ್ತಾ ಹೋಗುತ್ತವೆ. ಅಂದರೆ ಕೊನೆಯ ಒಳ್ಳೆಯ ಬ್ಯಾಕಪ್ ಆದ ಗಳಿಗೆಯಿಂದ ಇವತ್ತಿನವರೆಗೆ ಬಂದ, ಹೋದ, ಅಳಿಸಿದ ಪ್ರತಿಯೊಂದು ಮೇಲ್‌ನ ದಾಖಲೆ ಆ ರಾಶಿಯಲ್ಲಿ ಇದೆ. ಕೆಟ್ಟ ಡಿಸ್ಕಿನಲ್ಲಿ ಪೇಜ್ ಹಾಳಾಗಿರಬಹುದು, ಆದರೆ ಆ ಹಾಳು ಲಾಗ್ ಒಳಗೆ ಹೋಗುವುದಿಲ್ಲ. ಹಳೆ ಬ್ಯಾಕಪ್ಪನ್ನು ಹೊಸ ಡಿಸ್ಕಿನಲ್ಲಿ ಇಳಿಸಿ, ಅದರ ಮೇಲೆ ಲಾಗ್‌ಗಳನ್ನು ಒಂದರ ಹಿಂದೆ ಒಂದು ಓಡಿಸಿದರೆ, ಡೇಟಾಬೇಸ್ ಕೊನೆಯ ನಿಮಿಷದವರೆಗೆ ಬಂದು ನಿಲ್ಲುತ್ತದೆ. ಒಂದು ಮೇಲ್ ಕೂಡ ಹೋಗುವುದಿಲ್ಲ.

ಆದರೆ ಜನ ಏನು ಮಾಡುತ್ತಾರೆ ಗೊತ್ತಾ? ಡಿಸ್ಕ್ ತುಂಬುತ್ತಾ ಬಂತು, ಯಾವುದೋ ಲಾಗ್ ಫೈಲಂತೆ, ಸಾವಿರಾರು ಇವೆ, ಕಸ ಅಂತ ಶಿಫ್ಟ್ ಡಿಲೀಟ್ ಹೊಡೆಯುತ್ತಾರೆ. ಇಲ್ಲವೇ ಹಳೆ ಲಾಗ್‌ಗಳನ್ನು ಬ್ಯಾಕಪ್‌ಗೆ ಕಾಯದೆ ಅಳಿಸುವ ಸರ್ಕ್ಯುಲರ್ ಲಾಗಿಂಗ್ ಆನ್ ಮಾಡಿ, ಜಾಗ ಉಳಿಯಿತು ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಇದೇ ಜಿಲ್ಲೆಯ ಇನ್ನೊಂದು ಕಡೆ ಹಾಗೇ ಆಗಿತ್ತು. ಲಾಗ್ ಇಲ್ಲ, ಬ್ಯಾಕಪ್ ಹಳತು, ಕೊನೆಗೆ ಡೇಟಾಬೇಸಿನ ಪ್ರತಿಯ ಮೇಲೆ ಸ್ಲ್ಯಾಶ್ ಪಿ ಹೊಡೆಯದೆ ವಿಧಿ ಇರಲಿಲ್ಲ. ಬಂದದ್ದು ಬಂತು, ಹೋದದ್ದು ಹೋಯಿತು.

ಗೋಣಿಕೊಪ್ಪದವರ ಅದೃಷ್ಟಕ್ಕೆ ಲಾಗ್ ಬೇರೆ ಡಿಸ್ಕಿನಲ್ಲಿತ್ತು, ಆ ಡಿಸ್ಕ್ ದೊಡ್ಡದಿತ್ತು, ಅದು ತುಂಬುವ ಮೊದಲೇ ವಿಷಯ ಹೊರಬಂತು. ಇಎಸ್‌ಇ ಯುಟಿಲ್‌ಗೆ ಸ್ಲ್ಯಾಶ್ ಎಂಎಲ್ ಕೊಟ್ಟು ಲಾಗ್‌ಗಳ ಸರಪಳಿ ಎಲ್ಲೂ ತುಂಡಾಗಿಲ್ಲ ಅಂತ ನೋಡಿಕೊಂಡೆವು. ಯುಎಸ್‌ಬಿ ಡಿಸ್ಕಿನಲ್ಲಿದ್ದ ಬ್ಯಾಕಪ್ಪನ್ನು ಹೊಸ ಡಿಸ್ಕಿಗೆ ಇಳಿಸಿ, ಸ್ಲ್ಯಾಶ್ ಎಂಎಚ್ ಕೊಟ್ಟು ಹೆಡರ್ ಓದಿದೆವು. ಡರ್ಟಿ ಶಟ್‌ಡೌನ್ ಅಂತ ಇರುತ್ತದೆ, ಹೆದರಬೇಡಿ, ಅಂಥ ಬ್ಯಾಕಪ್ ಹಾಗೇ ಇರಬೇಕು. ಅದರ ಕೆಳಗೆ ಲಾಗ್ ರಿಕ್ವೈರ್ಡ್ ಅಂತ ಒಂದು ಸಾಲು, ಯಾವ ಲಾಗ್‌ನಿಂದ ಯಾವ ಲಾಗ್‌ವರೆಗೆ ಬೇಕೇ ಬೇಕು ಅಂತ ಅದು ಹೇಳುತ್ತದೆ. ಆ ನಂಬರ್‌ಗಳು ನಮ್ಮ ಹತ್ತಿರ ಇದ್ದವು. ಸ್ಲ್ಯಾಶ್ ಆರ್ ಓಡಿಸಿದೆವು. ಪರದೆ ಮೇಲೆ ಚುಕ್ಕಿ ಚುಕ್ಕಿಯಾಗಿ ಗೆರೆ ಬೆಳೆಯುತ್ತಾ ಹೋಯಿತು, ಬೆಳೆದು ಮುಗಿಯುವಷ್ಟರಲ್ಲಿ ಊಟ ಆಗಿ ಇನ್ನೊಂದು ಸುತ್ತು ಕಾಫಿಯೂ ಆಗಿತ್ತು. ಆಮೇಲೆ ಕ್ಲೀನ್ ಶಟ್‌ಡೌನ್. ಮೌಂಟ್ ಮಾಡಿ, ಮೊದಲು ತೆರೆದದ್ದು ಆ ಔಟ್‌ಟರ್ನ್ ಫೋಲ್ಡರನ್ನೇ. ಎಲ್ಲಾ ಇತ್ತು. ಪೋರ್ಟ್ 25 ತೆರೆದೆವು, ಹೊರಗೆ ಕಾಯುತ್ತಿದ್ದ ಮೇಲ್ ಒಂದೊಂದಾಗಿ ಬರತೊಡಗಿತು.

ಸ್ಲ್ಯಾಶ್ ಪಿ ಯಾವತ್ತೂ ಹೊಡೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಬೇರೆ ದಾರಿ ಇಲ್ಲದಾಗ, ಒಳ್ಳೆಯ ಡಿಸ್ಕಿನಲ್ಲಿ, ಪ್ರತಿಯ ಮೇಲೆ, ಮೂಲ ಕೈಯಲ್ಲಿ ಇಟ್ಟುಕೊಂಡು ಹೊಡೆಯಿರಿ. ಆದ ಮೇಲೆ ಅದೇ ಡೇಟಾಬೇಸಿನಲ್ಲಿ ವರ್ಷಗಟ್ಟಲೆ ಓಡಿಸಬೇಡಿ. ಹೊಸದೊಂದು ಖಾಲಿ ಡೇಟಾಬೇಸ್ ಮಾಡಿ ಎಲ್ಲ ಮೇಲ್‌ಬಾಕ್ಸ್‌ಗಳನ್ನೂ ಅದಕ್ಕೆ ಸಾಗಿಸಿ. ಹೆಡರ್‌ನಲ್ಲಿ ರಿಪೇರಿ ಕೌಂಟ್ ಅಂತ ಒಂದು ಲೆಕ್ಕ ಉಳಿದುಬಿಡುತ್ತದೆ, ಅದು ಸೊನ್ನೆ ಅಲ್ಲದ ಡೇಟಾಬೇಸಿನಿಂದ ಮೇಲ್‌ಬಾಕ್ಸ್‌ಗಳನ್ನು ಖಾಲಿ ಮಾಡಿ ಅನ್ನುವುದು ಮೈಕ್ರೋಸಾಫ್ಟ್‌ನದೇ ನಿಲುವು.

ರಿಕವರಿಗೆ ದಿನಗಟ್ಟಲೆ ಬೇಕು, ಆದರೆ ಇವತ್ತು ಮಧ್ಯಾಹ್ನವೇ ಮೇಲ್ ಕಳಿಸಬೇಕು ಅನ್ನುವವರಿಗೆ ಡಯಲ್ ಟೋನ್ ಅನ್ನುವ ಉಪಾಯ ಇದೆ. ಖಾಲಿ ಡೇಟಾಬೇಸ್ ಕೊಟ್ಟು ಎಲ್ಲರಿಗೂ ಕೆಲಸ ಶುರು ಮಾಡಿಸಿ, ಹಿಂದಿನಿಂದ ಹಳೆಯದನ್ನು ರಿಕವರಿ ಡೇಟಾಬೇಸಿನಲ್ಲಿ ಎಬ್ಬಿಸಿ, ಆಮೇಲೆ ಎರಡನ್ನೂ ಸೇರಿಸುವುದು. ಇಲ್ಲಿ ಲ್ಯಾಪ್‌ಟಾಪ್‌ಗಳನ್ನು ಮರೆಯಬೇಡಿ. ಕ್ಯಾಶ್ ಮೋಡ್‌ನಲ್ಲಿರುವ ಔಟ್‌ಲುಕ್‌ಗಳಲ್ಲಿ ಒಎಸ್‌ಟಿ ಅಂತ ಒಂದು ಫೈಲ್ ಇರುತ್ತದೆ, ಆ ವ್ಯಕ್ತಿಯ ಮೇಲ್‌ನ ಪ್ರತಿ ಅದರಲ್ಲಿದೆ. ಸರ್ವರ್‌ನಲ್ಲಿ ಹೋದ ಮೇಲ್ ಅಲ್ಲಿ ಸಿಗಬಹುದು. ಮುಖ್ಯವಾದವರ ಲ್ಯಾಪ್‌ಟಾಪ್‌ಗಳನ್ನು ಮೊದಲೇ ನೆಟ್‌ವರ್ಕ್‌ನಿಂದ ಬಿಡಿಸಿ, ಔಟ್‌ಲುಕ್ ಆಫ್‌ಲೈನ್ ತೆರೆದು ಪಿಎಸ್‌ಟಿ ಅನ್ನುವ ಬೇರೆ ಫೈಲಿಗೆ ತೆಗೆದಿಡಿ. ಆ ಎರಡನೇ ಆಫೀಸಿನಲ್ಲಿ ಹೋದ ಮೇಲ್‌ಗಳಲ್ಲಿ ಬಹಳಷ್ಟು ಸಿಕ್ಕಿದ್ದು ಹೀಗೆಯೇ.

ಲಿನಕ್ಸ್ ಕಡೆಯವರಿಗೆ ಬೇಗ ಬೇಗ ಎರಡು ಮಾತು. ಜಿಂಬ್ರಾ ಮೇಲ್ ಸರ್ವರ್ ಇದ್ದರೆ ಮೇಲ್‌ಗಳು ಸ್ಟೋರ್ ಫೋಲ್ಡರಿನಲ್ಲಿ ಬಿಡಿ ಬಿಡಿ ಫೈಲ್‌ಗಳಾಗಿ ಇರುತ್ತವೆ, ಯಾವುದು ಯಾರದು, ಯಾವ ಫೋಲ್ಡರಿನದು ಅನ್ನುವ ಪಟ್ಟಿ ಮಾರಿಯಾಡಿಬಿ ಅನ್ನುವ ಡೇಟಾಬೇಸಿನಲ್ಲಿ. ಪಟ್ಟಿ ಕೆಟ್ಟರೂ ಮೇಲ್ ಇರಬಹುದು. ಅದರ ಇನ್ನೊಡಿಬಿ ಫೋರ್ಸ್ ರಿಕವರಿ ಅನ್ನುವ ಸೆಟ್ಟಿಂಗ್‌ಗೆ 1ರಿಂದ 6ರವರೆಗೆ ಮೆಟ್ಟಿಲಿವೆ. 1ರಿಂದ ಶುರು ಮಾಡಿ, ತೆರೆದ ಕೂಡಲೇ ಡಂಪ್ ತೆಗೆದುಕೊಳ್ಳಿ. 4 ಅಥವಾ ಅದಕ್ಕಿಂತ ಮೇಲೆ ಹೋದರೆ ಡೇಟಾ ಕಾಯಂ ಆಗಿ ಕೆಡಬಹುದು, ಪ್ರತಿಯ ಮೇಲೆ ಮಾತ್ರ. ಡವ್‌ಕಾಟ್ ಮೇಲ್ ಸರ್ವರ್‌ನಲ್ಲಿ ಮೇಲ್‌ಡಿರ್ ಅನ್ನುವ ಕ್ರಮ ಇಟ್ಟುಕೊಂಡವರು ಪುಣ್ಯವಂತರು. ಒಂದು ಮೇಲ್‌ಗೆ ಒಂದು ಫೈಲ್, ಇಂಡೆಕ್ಸ್ ಕೆಟ್ಟರೆ ಅಳಿಸಿ ಮತ್ತೆ ಕಟ್ಟಬಹುದು, ಕೆಟ್ಟ ಸೆಕ್ಟರ್‌ಗೆ ಸಿಕ್ಕ ನಾಲ್ಕು ಮೇಲ್ ಮಾತ್ರ ಹೋಗುತ್ತದೆ.

ಬ್ಯಾಕಪ್ ಬಗ್ಗೆ ಎಲ್ಲರೂ ಉಪದೇಶ ಮಾಡುತ್ತಾರೆ, ನಾನು ಒಂದೇ ಒಂದು ವಿಷಯ ಹೇಳುತ್ತೇನೆ. ಫೇಲ್ ಆಗುತ್ತಿರುವಾಗ ಹಳೆಯದನ್ನು ತಿರುಗಿಸಿ ಬರೆಯುವ ವ್ಯವಸ್ಥೆ ಇದ್ದರೆ ನಿಲ್ಲಿಸಿ. ಮೂರು ಯುಎಸ್‌ಬಿ ಡಿಸ್ಕ್ ಸರದಿಯಲ್ಲಿ ಇಟ್ಟುಕೊಂಡು, ಮೂರಕ್ಕೂ ಅರ್ಧಂಬರ್ಧ ಬ್ಯಾಕಪ್ ತುಂಬಿ, ಒಳ್ಳೆಯದೊಂದೂ ಉಳಿಯದ ಜಾಗಗಳಿವೆ. ಒಂದು ಪ್ರತಿ ಮೈಸೂರಿನಲ್ಲೋ ಬೇರೆಲ್ಲೋ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಡಿಕೇರಿಯಿಂದ ಸಂಪಾಜೆ ಕಡೆಯ ರಸ್ತೆಯೇ ಇರಲಿಲ್ಲ, ನಿಮಗೆಲ್ಲ ನೆನಪಿದೆ. ಇನ್ನು ಖಾಲಿ ಡಿಸ್ಕ್ ಒಂದು, ಸರ್ವರ್‌ನ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡದು, ಮೇ ತಿಂಗಳೊಳಗೆ ತಂದು ಬೀರುವಿನಲ್ಲಿ ಇಡಿ. ರಸ್ತೆ ಬಂದ್ ಆದ ದಿನ ಕೊರಿಯರ್ ಬರುವುದಿಲ್ಲ.

ಹೊರತೆಗೆದ ಹಳೆ ಡಿಸ್ಕ್ ಏನು ಮಾಡುವುದು ಅಂತ ಒಬ್ಬರು ಕೇಳಿದರು. ವಾರಂಟಿ ಇದೆ ಅಂತ ಮರುದಿನವೇ ಕಳಿಸಬೇಡಿ, ಕಳಿಸಿದರೆ ಬೇರೆ ಡಿಸ್ಕ್ ಬರುತ್ತದೆ, ನಿಮ್ಮದು ವಾಪಸ್ ಬರುವುದಿಲ್ಲ. ಎಲ್ಲಾ ಸಿಕ್ಕಿತು ಅಂತ ಇವತ್ತು ಅನ್ನಿಸಿದರೂ ಯಾರಿಗಾದರೂ ಎರಡು ತಿಂಗಳು ಬಿಟ್ಟು ಒಂದು ಮೇಲ್ ಕಾಣುವುದಿಲ್ಲ. ಡಿಸ್ಕಿನ ಮೇಲೆ ದಿನಾಂಕ, ಯಾವ ಸರ್ವರ್, ಎಷ್ಟನೇ ಸ್ಲಾಟ್ ಅಂತ ಮಾರ್ಕರ್‌ನಲ್ಲಿ ಬರೆದು, ಗಾಳಿಯಾಡದ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಒಲೆ ಮೇಲಿನ ಅಟ್ಟದಲ್ಲಿ ಬೇಡ, ಅಲ್ಲಿ ಬೆಚ್ಚಗಿರುತ್ತದೆ ಅಂತ ಇಟ್ಟವರೂ ಇದ್ದಾರೆ. ಆ ವರ್ಷದ ಆಡಿಟ್ ಮುಗಿದ ಮೇಲೆ ವಾರಂಟಿ ಇದ್ದರೂ ಆಸೆಪಡದೆ ಡ್ರಿಲ್‌ನಲ್ಲಿ ತೂತು ಹೊಡೆದು ಬಿಸಾಡಿ, ಗುಜರಿಗೆ ಹಾಗೇ ಹಾಕಬೇಡಿ, ಅದರಲ್ಲಿ ನಿಮ್ಮ ಆಫೀಸಿನವರೆಲ್ಲರ ಮೇಲ್ ಇರುತ್ತದೆ.